ಖಂಡಿಸುವವರೂ ಹಂಚಿದ ವಿಡಿಯೊ

2024ರ ಜನವರಿಯಲ್ಲಿ ಹಾನಗಲ್ ತಾಲ್ಲೂಕಿನ ವಸತಿಗೃಹವೊಂದಕ್ಕೆ ನುಗ್ಗಿದ ಗುಂಪು ಜೋಡಿಯೊಂದನ್ನು ಥಳಿಸಿ, ಅದನ್ನೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿತು. ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರವೂ ನಡೆದಿದೆ ಎಂದು ಆ ಮಹಿಳೆ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟಿದ್ದು ಆಮೇಲೆ. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳು ಹಾವೇರಿಯಿಂದ ಅಕ್ಕಿಆಲೂರಿನವರೆಗೆ ಕಾರು, ಬೈಕುಗಳಲ್ಲಿ ಮೆರವಣಿಗೆ ಹೊರಟರು. ಆ ವಿಡಿಯೊ ಕೂಡ ದೇಶ ಸುತ್ತಿತು.

ಥಳಿತದ ವಿಡಿಯೊ ಹಂಚಿದವರೆಲ್ಲ ಕೇಡಿಗರೇನಲ್ಲ. 'ಇದನ್ನು ಖಂಡಿಸಿ', 'ನ್ಯಾಯ ಸಿಗುವವರೆಗೂ ಶೇರ್ ಮಾಡಿ' ಎಂದು ಸಿಟ್ಟಿನಿಂದ ಒತ್ತಿದವರೇ ಬಹಳ ಮಂದಿ. ಆದರೆ ಹೊಡೆಸಿಕೊಂಡವಳ ಮಟ್ಟಿಗೆ ಒಳ್ಳೆಯವರ ಫಾರ್ವರ್ಡಿಗೂ ಕೆಟ್ಟವರ ಫಾರ್ವರ್ಡಿಗೂ ವ್ಯತ್ಯಾಸವಿಲ್ಲ. ನೆಂಟರ ಮನೆಯ ಫೋನಿನಲ್ಲೂ ಅದೇ ದೃಶ್ಯ. ಪೊಲೀಸರಿಗೆ ಬೇಕಾದ ಸಾಕ್ಷ್ಯಕ್ಕೆ ಒಂದು ಪ್ರತಿ ಸಾಕು; ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಗ್ರೂಪುಗಳಿಗೆ ಅದು ಬರಬೇಕಾದ ಅಗತ್ಯವೇನು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸಿದರೆ ಎರಡು ವರ್ಷದವರೆಗೆ ಜೈಲು. ಮೊದಲು ಐಪಿಸಿಯ 228ಎ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಹೆಸರಷ್ಟೇ ಅಲ್ಲ, ಗುರುತು ಹಿಡಿಯಲು ನೆರವಾಗುವ ಯಾವ ವಿವರವೂ ಹೊರಬರಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. (ಇಲ್ಲಿ ಆ ವಸತಿಗೃಹದ ಹೆಸರು ಬರೆಯದಿರುವುದಕ್ಕೂ ಅದೇ ಕಾರಣ.)

ಕಾನೂನು ತಲುಪುವ ಹೊತ್ತಿಗೆ ವಿಡಿಯೊ ನಾಲ್ಕು ತಾಲ್ಲೂಕು ದಾಟಿರುತ್ತದೆ. ಅದಕ್ಕಿಂತ ಬೇಗ ಕೈ ಹಾಕಬಲ್ಲವನು ಊರಿನ ಗ್ರೂಪಿನ ಅಡ್ಮಿನ್. ಯಾರೇ ಹಾಕಿದ ಸಂದೇಶವನ್ನೂ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರವನ್ನು ವಾಟ್ಸ್‌ಆ್ಯಪ್ 2022ರಲ್ಲೇ ಅಡ್ಮಿನ್‌ಗಳಿಗೆ ಕೊಟ್ಟಿದೆ. ಚುನಾವಣೆ ಬಂದರೆ ರಾಜಕೀಯದ ಪೋಸ್ಟ್ ಹಾಕಬೇಡಿ ಎಂದು ಗದರುವ ಅಡ್ಮಿನ್, ಹೆಣ್ಣೊಬ್ಬಳನ್ನು ಹೊಡೆಯುವ ದೃಶ್ಯ ಬಂದಾಗ ಮಾತ್ರ ಮೌನವಾಗಿರುತ್ತಾನೆ. ಸದಸ್ಯರು ಕೇಳಬೇಕಾದದ್ದು ಆ ಮೌನದ ಬಗ್ಗೆ.

ಅಳಿಸಿದರಷ್ಟೇ ಸಾಲದು. ಅದೇ ಗ್ರೂಪಿನಲ್ಲಿ ಇಂಥದ್ದನ್ನು ತಾವೇ ಅನುಭವಿಸಿ ಯಾರಿಗೂ ಹೇಳದ ಹೆಂಗಸರೂ ಇರುತ್ತಾರೆ. ವಿಡಿಯೊದ ಕೆಳಗೆ ಬೀಳುವ 'ಅಲ್ಲಿಗೆ ಯಾಕೆ ಹೋಗಿದ್ದಳು' ಎಂಬ ಕಮೆಂಟನ್ನು ಅವರೂ ಓದುತ್ತಾರೆ, ಬಾಯಿ ಇನ್ನಷ್ಟು ಬಿಗಿದುಕೊಳ್ಳುತ್ತಾರೆ. ಆ ಕಮೆಂಟನ್ನೂ ತೆಗೆಯಬೇಕು. ಗ್ರೂಪಿನ ವಿವರಣೆಯಲ್ಲಿ ಕನ್ನಡದಲ್ಲೂ ಆಪ್ತಸಲಹೆ ಸಿಗುವ ಟೆಲಿ-ಮಾನಸ್ ಸಂಖ್ಯೆ 14416 ಹಾಕಬೇಕು. ಅದಕ್ಕೆ ಖರ್ಚೇನೂ ಇಲ್ಲ.