ಗೆದ್ದವರು ಕಣ್ಣಿಗೆ ಕಾಣಬೇಕು

ಓಟದಲ್ಲಿ ಗುರಿ ಮೊದಲು ಮುಟ್ಟಿದವರೇ ಗೆದ್ದವರು. ಯುರೋಪಿನ 'ಟೂರ್ ಡಿ ಸ್ಕೀ'ಯ ಕೊನೆಯ ದಿನ ಈಗ ಹಾಗಿಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಹಲವು ದಿನ ಓಡುವ ಈ ಸ್ಪರ್ಧೆ ಶುರುವಾಗಿದ್ದು 2006ರ ಡಿಸೆಂಬರ್ 31ರಂದು.

ಲೆಕ್ಕ ಸರಳ. ಪ್ರತಿ ದಿನದ ಸಮಯ ಕೂಡಿಸುತ್ತಾರೆ. ಸ್ಪ್ರಿಂಟ್ ಮುಂತಾದ ಕಡೆ ಮುಂದಿದ್ದವರಿಗೆ ಸಿಕ್ಕ ಬೋನಸ್ ಸೆಕೆಂಡುಗಳನ್ನು ಅದರಲ್ಲಿ ಕಳೆಯುತ್ತಾರೆ. ಒಟ್ಟು 3 ಗಂಟೆ ಓಡಿದವರಿಗೆ 1 ನಿಮಿಷ ಬೋನಸ್ ಇದ್ದರೆ ಲೆಕ್ಕಕ್ಕೆ 2 ಗಂಟೆ 59 ನಿಮಿಷ. ಯಾರದು ಕಡಿಮೆಯೋ ಅವರೇ ಚಾಂಪಿಯನ್.

ಬೋನಸ್ ಬಗ್ಗೆ ನಮ್ಮ ತಕರಾರಿಲ್ಲ. ಸ್ಪ್ರಿಂಟ್‌ನಲ್ಲಿ ಅಂತರ ಕೆಲವೇ ಸೆಕೆಂಡು. ಬೋನಸ್ ಇಲ್ಲದಿದ್ದರೆ ವೇಗದ ಓಟಗಾರರಿಗೆ ಅನ್ಯಾಯ.

ತಕರಾರು ಕೊನೆಯ ದಿನದ್ದು. 2019ರವರೆಗೆ ಇಟಲಿಯ ಆಲ್ಪೆ ಚೆರ್ಮಿಸ್ ಬೆಟ್ಟ ಹತ್ತಲು ಮುಂದಿದ್ದವರು ಮೊದಲು ಹೊರಡುತ್ತಿದ್ದರು. ಉಳಿದವರು ತಾವು ಹಿಂದಿದ್ದಷ್ಟೇ ಸೆಕೆಂಡು ತಡವಾಗಿ. ಮೊದಲು ತುದಿ ಮುಟ್ಟಿದವರೇ ಟೂರ್ ಗೆದ್ದವರು. 2020ರಿಂದ ಎಲ್ಲರನ್ನೂ ಒಟ್ಟಿಗೆ ಬಿಡುತ್ತಾರೆ. ಬೆಟ್ಟ ಗೆದ್ದವರೊಬ್ಬರು, ಟೂರ್ ಗೆದ್ದವರು ಇನ್ನೊಬ್ಬರು ಆಗಬಹುದು.

ಒಟ್ಟಿಗೆ ಬಿಟ್ಟರೆ ಹಿಂದೆ ಬಿದ್ದವರಿಗೂ ಆ ದಿನ ಗೆಲ್ಲುವ ಆಸೆ ಇರುತ್ತದೆ, ನಿಜ. ಆದರೆ ಅಷ್ಟು ದಿನ ನೋಡಿದವರು ಕೊನೆಗೆ ಪಟ್ಟಿ ಓದಿ ಚಾಂಪಿಯನ್ ಯಾರೆಂದು ತಿಳಿಯಬೇಕೇ? ಹಳೇ ಪದ್ಧತಿಯೇ ವಾಪಸ್ ಬರಲಿ ಅಂತೀವಿ ನಾವು.