ಲಕ್ವ ಹೊಡೆದ ಕೈಗೆ ತೆಂಗಿನ ಚಿಪ್ಪಿನ ತಾಳ

ಲೊಕ್ಕನಹಳ್ಳಿ ಹೋಬಳಿಯಲ್ಲಿ ಲಕ್ವ ಹೊಡೆದವರ ಪಾಡು ಎಲ್ಲರೂ ಬಲ್ಲದ್ದೇ. ದೊಡ್ಡಾಸ್ಪತ್ರೆಯಲ್ಲಿ ಜೀವ ಉಳಿಸಿ ಮನೆಗೆ ಕಳುಹಿಸುತ್ತಾರೆ. ಕೈಗೊಂದು ರಬ್ಬರ್ ಚೆಂಡು ಕೊಟ್ಟು 'ದಿನಾ ಹಿಸುಕಿ' ಅನ್ನುತ್ತಾರೆ. ಒಂದು ವಾರ ಹಿಸುಕಿದ್ದಾಯಿತು. ಎರಡನೇ ವಾರಕ್ಕೆ ಚೆಂಡು ಮೊಮ್ಮಕ್ಕಳ ಪಾಲು. ಕೈ ಎದೆಗೆ ಮುದುರಿಕೊಂಡು ಜಗಲಿಯ ಮೇಲೆ ಕೂತುಬಿಡುತ್ತದೆ.

ಫಿಸಿಯೊಥೆರಪಿ ಮಾಡಿಸಿ ಎಂದು ಹೇಳುವುದು ಸುಲಭ. ಅದಕ್ಕಾಗಿ ಕೊಳ್ಳೇಗಾಲದ ಬಸ್ಸು ಹತ್ತಬೇಕು, ಹಿಡಿದುಕೊಳ್ಳಲು ಜೊತೆಗೊಬ್ಬರು ಬೇಕು, ಬಂದವರ ಅವತ್ತಿನ ಕೂಲಿ ಖೋತಾ. ಎಷ್ಟು ದಿನ ಆದೀತು?

ಆದರೆ ಇದು ಮಾದಪ್ಪನ ಸೀಮೆ. ಕಂಸಾಳೆ ಸದ್ದು ಕೇಳದೆ ಬೆಳೆದವರು ಇಲ್ಲಿ ಯಾರಿದ್ದಾರೆ? ಕಂಚಿನ ಬಟ್ಟಲು ಎಡಗೈಯಲ್ಲಿ, ಕುಚ್ಚು ಕಟ್ಟಿದ ಬಿಲ್ಲೆ ಬಲಗೈಯಲ್ಲಿ. ಸೋತ ಕೈಗೆ ಆ ಭಾರ ತಡೆಯದು, ಬೀಸುವ ವರಸೆಯಂತೂ ಬೇಡವೇ ಬೇಡ, ಭುಜ ಜಾರೀತು. ಅದರ ಬದಲು ಎರಡು ತೆಂಗಿನ ಚಿಪ್ಪು ಸಾಕು. ಅಂಚು ಉಜ್ಜಿ, ತೂತು ಕೊರೆದು, ಹಳೇ ಪಂಚೆಯ ಪಟ್ಟಿ ಪೋಣಿಸಿ ಅಂಗೈಗೆ ಸಡಿಲವಾಗಿ ಕಟ್ಟಿದರೆ ಬೆರಳು ಹಿಡಿಯದಿದ್ದರೂ ತಾಳ ಬೀಳುತ್ತದೆ. ಹಲಗೆಯ ತುಂಡಿಗೆ ಸೈಕಲ್ ಟ್ಯೂಬು ಬಿಗಿದರೆ ಬಡಿಯುವ ಪಟ್ಟಿ. ಕೋಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಬೇಕು, ಆಗ ಹಿಡಿತ ಸಿಗುತ್ತದೆ. ಹತ್ತಿರಕ್ಕೊಂದು ಎಣ್ಣೆ ಡಬ್ಬ, ಒಂದು ಮೊಳ ದೂರಕ್ಕೆ ಇನ್ನೊಂದು. ಎರಡರ ಸದ್ದೂ ಬೇರೆ ಇರಲಿ. ಕೈ ಎಲ್ಲಿಗೆ ಹೋಯಿತೆಂದು ಕಿವಿಯೇ ಹೇಳುತ್ತದೆ. ಖರ್ಚು ಎರಡು ಟೀ ಕಾಸು.

'ಡಬ್ಬ ಬಡ್ಕೊಂಡು ಕೂತ್ರೆ ಕೈ ಬಂದ್ಬುಡ್ತದಾ?' ಎಂದು ಹೋಟೆಲ್ ಬೆಂಚಿನ ಮೇಲೆ ಕೇಳುವವರು ಇದ್ದೇ ಇರುತ್ತಾರೆ. ನ್ಯಾಯವಾದ ಪ್ರಶ್ನೆಯೇ. 2007ರಲ್ಲಿ ಜರ್ಮನಿಯಲ್ಲಿ ಲಕ್ವ ಹೊಡೆದ 20 ಮಂದಿಗೆ ಮಾಮೂಲಿ ವ್ಯಾಯಾಮದ ಜೊತೆಗೆ ಡ್ರಮ್ಮು, ಪಿಯಾನೊ ಬಾರಿಸುವುದನ್ನು 3 ವಾರದಲ್ಲಿ 15 ಸಲ, ಸಲಕ್ಕೆ ಅರ್ಧ ಗಂಟೆ ಮಾಡಿಸಿದರು. ಸಂಗೀತ ಕಲಿತವರಲ್ಲ. ಮಾಮೂಲಿ ವ್ಯಾಯಾಮ ಮಾತ್ರ ಮಾಡಿದವರಿಗಿಂತ ಅವರ ಕೈ ಚುರುಕಾಯಿತು. ಆದರೆ 2018ರಲ್ಲಿ ಸ್ಪೇನಿನಲ್ಲಿ ಇಬ್ಬರಿಗೂ ಸಮನಾಗಿ ವ್ಯಾಯಾಮ ಕೊಟ್ಟು ನೋಡಿದಾಗ ಕೈಯ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಡಬ್ಬದಲ್ಲಿ ಮಂತ್ರವಿಲ್ಲ. ಒಂದೇ ಕೆಲಸವನ್ನು ನೂರಾರು ಸಲ ಮಾಡಿದರೆ ಮಿದುಳು ಮತ್ತೆ ದಾರಿ ಹುಡುಕುತ್ತದೆ. ಆ ನೂರು ಸಲ ಬೇಜಾರಿಲ್ಲದೆ ಮಾಡಿಸುವುದು ತಾಳ. ಚೆಂಡು ಹಿಸುಕಲು ಒಲ್ಲದ ಯಜಮಾನರು ಮಾದಪ್ಪನ ಪದ ಶುರುವಾದರೆ ಕೈ ಆಡಿಸದೆ ಇದ್ದಾರೆಯೇ?

ಮಾತು ಬಿದ್ದುಹೋದ ಕೆಲವರು ಪದ ಮಾತ್ರ ಹಾಡುತ್ತಾರೆ ಎಂಬುದನ್ನೂ ವೈದ್ಯರು ಬಲ್ಲರು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದೊಯ್ದರೆ ದಾರಿ ತೋರಿಸುತ್ತಾರೆ.

ಇಷ್ಟೆಂದು ಬಿ.ಪಿ. ಮಾತ್ರೆ ಬಿಡುವಂತಿಲ್ಲ. ಬಾರಿಸುವಾಗ ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ಕೂಡಲೇ ನಾಟಿ ಎಣ್ಣೆ ತಿಕ್ಕುತ್ತಾ ಕೂರದೆ 108ಕ್ಕೆ ಫೋನು ಹಚ್ಚಬೇಕು. ಹೆಪ್ಪು ಕರಗಿಸುವ ಮದ್ದು ನಾಟುವುದು ಸಾಮಾನ್ಯವಾಗಿ ಮೊದಲ 4½ ಗಂಟೆಯೊಳಗೆ. ಲೊಕ್ಕನಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ದಾರಿಯೇ ಎಷ್ಟು ಹೊತ್ತು ತಿನ್ನುತ್ತದೆಂದು ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ.

ಚಿಪ್ಪು ಕೊರೆಯುವುದು ಮನೆಯವರ ಕೆಲಸ. ಯಾವ ಕೈಗೆ ಎಷ್ಟು, ಡಬ್ಬ ಎಲ್ಲಿಡಬೇಕು ಎಂದು ತೋರಿಸುವವರು ಬೇಡವೇ? ವಾರಕ್ಕೊಂದು ದಿನ ಫಿಸಿಯೊಥೆರಪಿಯವರು ಹೋಬಳಿಗೇ ಬಂದು ಕೂರುವಂತೆ ಆರೋಗ್ಯ ಇಲಾಖೆ ಏರ್ಪಾಡು ಮಾಡಬೇಕು. ಸಂತೆಯ ದಿನವಾದರೆ ಇನ್ನೂ ಅನುಕೂಲ, ಅಂದು ಹೇಗೂ ಮನೆಯವರು ಊರಿಗೆ ಬರುತ್ತಾರೆ.