ಕಸರತ್ತು ಫೋನಿನ್ಯಾಗ ಬರ್ತದ, ಫೋನ್ ಹಿಡಿಯವ್ರು ಯಾರ್ರಿ?

ಬೆನ್ನಹುರಿಗೆ ಪೆಟ್ಟು ಬಿದ್ದು ಟೊಂಕದ ಕೆಳಗ ಸ್ವಾಧೀನ ಹೋದ ವಯಸ್ಸಾದವ್ರಿಗೆ, ಮನ್ಯಾಗೇ ಕುಂತು ವಿಡಿಯೋ ಕಾಲಿನ ಮ್ಯಾಲೆ ಕಸರತ್ತು ಕಲಿಸೋದು ಈಗ ಬಂದದ. ಇದೆಲ್ಲಾ ದೊಡ್ಡ ಊರಿನವ್ರ ಆಟ ಅಂತ ನಮ್ಮ ಕಡೆ ಭಾಳ ಮಂದಿ ಅಂತಾರ. ನಾ ಹಂಗ ಅನ್ನಂಗಿಲ್ಲ. ಬೆಂಗಳೂರಿನವ್ರಿಗಿಂತ ಶಹಾಪುರ, ಸುರಪುರ ಹಳ್ಳಿಯವ್ರಿಗೇ ಇದು ಹೆಚ್ಚು ಬೇಕು.

ಮಾಳಿಗಿ ಮ್ಯಾಲಿಂದ ಬಿದ್ದೋ, ಬೇವಿನ ಗಿಡದಿಂದ ಜಾರಿಯೋ ದವಾಖಾನಿ ಸೇರಿದವ್ರಿಗೆ ಆಪರೇಷನ್ ಆಗ್ತದ, ಹೊಲಿಗಿ ಬಿಚ್ಚಿ ಮನಿಗೆ ಕಳಿಸ್ತಾರ. ಮುಂದಿನದೆಲ್ಲಾ ಮನಿಯವ್ರ ಪಾಲಿಗೆ. ಯಾದಗಿರಿ 2009ರ ಕೊನಿಗೆ ಜಿಲ್ಲಾ ಆಯ್ತು, ಈಗ ಮೆಡಿಕಲ್ ಕಾಲೇಜೂ ಅದ. ಆದ್ರ 65 ವರ್ಷದವ್ರನ್ನ ಹೊರಸಿನಿಂದ ಎತ್ತಿ ಟಂಟಂನಾಗ ಹಾಕ್ಕೊಂಡು ವಾರಕ್ಕ ಎರಡು ಸಲ ಒಯ್ಯೋದು ಯಾರ ಕೈಲಿ ಆಗ್ತದ? ಆ ಕುಲುಕಾಟಕ್ಕೇ ಕೂಡೋ ಜಾಗದಾಗ ಹುಣ್ಣಾಗ್ತದ.

ಬ್ಯಾರೆ ಬ್ಯಾರೆ ದೇಶದ ತಜ್ಞರು ಕೂಡಿ 2018ರಾಗ ಒಂದು ಲೆಕ್ಕ ಹೇಳ್ಯಾರ. ಉಸಿರು ಏರುವಂಥ ಕಸರತ್ತು 20 ನಿಮಿಷದಂಗ ವಾರಕ್ಕ 2 ಸಲ, ಕೆಲಸ ಮಾಡೋ ಸ್ನಾಯುಗಳಿಗೆ ಬಲದ ಕಸರತ್ತು 3 ಸುತ್ತಿನಂಗ ವಾರಕ್ಕ 2 ಸಲ. ಇಷ್ಟರೇ ಬೇಕು. 65ರ ಹತ್ರ ಬಂದವ್ರು ಡಾಕ್ಟರಿಗೆ ಕೇಳೇ ಶುರು ಮಾಡ್ಬೇಕು. ಇಂಥವ್ರಿಗೆ ಹೆಗಲೇ ಕಾಲು ನೋಡ್ರಿ. ಗಾಲಿ ಖುರ್ಚಿ ದೂಡೋದು, ಹೊರಸಿಗೆ ಸರಿಯೋದು ಎಲ್ಲಾ ತೋಳಿನ ಮ್ಯಾಲೇ. ಹೆಗಲು ಹಿಡಕೊಂಡ್ರ ಮನುಷ್ಯ ಇನ್ನೊಮ್ಮೆ ಬಿದ್ದಂಗ.

ಆದ್ರ ಕಲಿಸೋರು ನಮ್ಮ ಊರು ತಿಳ್ಕೊಂಡು ಕಲಿಸ್ಬೇಕು. ಸ್ವಾಧೀನ ಹೋದ ಭಾಗಕ್ಕ ಬೆವರು ಸರಿಯಾಗಿ ಬರಂಗಿಲ್ಲ, ಮೈ ಕಾದ್ರ ಇಳಿಯಂಗಿಲ್ಲ. ನಮ್ಮ ಬ್ಯಾಸಗಿ 42 ಡಿಗ್ರಿ ದಾಟ್ತದ. ಹನ್ನೊಂದು ಗಂಟೆಗೆ ಕ್ಲಾಸ್ ಇಟ್ರ ಹೆಂಗ್ರಿ? ಮುಂಜಾನಿ ಆರಕ್ಕ ಇಡ್ಲಿ. ‘ಭುಜವನ್ನು ಹಿಮ್ಮುಖವಾಗಿ ತಿರುಗಿಸಿ’ ಅಂದ್ರ ನಮ್ಮ ಕಾಕಾಗೋಳು ಪಿಳಿಪಿಳಿ ನೋಡ್ತಾರ. ‘ಹೆಗಲ ಹಿಂದಕ ತಿರುವ್ರಿ ಕಾಕಾ’ ಅನ್ನಿ, ತಿರುವ್ತಾರ.

ಇನ್ನ ಫೋನಿನ ಮಾತು. ದೊಡ್ಡ ಫೋನ್ ಮನ್ಯಾಗ ಒಂದೇ. ಅದು ಮಗನ ಕಿಸೆದಾಗ, ಮಗ ಬೆಂಗಳೂರಾಗ ಸೆಂಟ್ರಿಂಗ್ ಕೆಲಸಕ್ಕ. ಫೋನ್ ಇದ್ರೂ ಹಿಡಿಯೋಳು ಸೊಸಿ. ಅಕಿ ರೊಟ್ಟಿ ಬಡೀಬೇಕೋ, ಕೂಲಿಗೆ ಹೋಗ್ಬೇಕೋ, ಮಾವನ ಕೈ ಕಾಣುವಂಗ ಫೋನ್ ಹಿಡ್ಕೊಂಡು ನಿಂದರಬೇಕೋ? ಬಿದ್ದೋಳು ಹೆಣ್ಮಗಳಾದ್ರಂತೂ ಗಂಡಸು ಡಾಕ್ಟರ್ ಮುಂದ ಸೀರಿ ಸರಿಸು ಅಂದ್ರ ಅಕಿ ಫೋನೇ ಬಂದ್ ಮಾಡ್ತಾಳ. ಕಲಿಸೋಳೂ ಹೆಣ್ಮಗಳೇ ಇರ್ಲಿ.

ಇದಕ್ಕ ನನ್ನ ಮಾತು ಇಷ್ಟ. ಗ್ರಾಮ ಪಂಚಾಯ್ತಿ ಮಟ್ಟದಾಗ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅದಾರ, ಅವರೂ ಅಂಗವಿಕಲರೇ. ಬೆಂಗಳೂರಿನ ಎ.ಪಿ.ಡಿ. ಸಂಸ್ಥಾ 1959ರಿಂದ ಅಂಗವಿಕಲರ ಕೂಡ ಕೆಲಸ ಮಾಡ್ತದ, ಬೆನ್ನಹುರಿ ಪೆಟ್ಟಿನವ್ರಿಗೂ ಕಲಿಸ್ತದ. ಅಂಥವ್ರ ಕಡೆಯಿಂದ ಈ ಕಾರ್ಯಕರ್ತರಿಗೆ ತರಬೇತಿ ಕೊಡಿಸಿ, ಕೈಯಾಗ ಒಂದು ಟ್ಯಾಬ್ ಕೊಡ್ರಿ. ವಾರಕ್ಕ ಎರಡು ದಿನ ಮನಿಗೆ ಬಂದು ಹಿಡೀಲಿ, ಸೊಸಿಗೂ ಕಲಿಸ್ಲಿ. ಎದಿ ಮ್ಯಾಲಿನ ಭಾಗದಾಗ ಹುರಿಗೆ ಪೆಟ್ಟಾದವ್ರಿಗೆ ಒಮ್ಮಿಗೇ ತಲಿ ಸಿಡಿದು ಮುಖ ಕೆಂಪಾದ್ರ ಕಸರತ್ತು ನಿಲ್ಲಿಸಿ ನೆಟ್ಟಗ ಕೂಡಿಸ್ಬೇಕು, ಮೂತ್ರದ ನಳಿಗಿ ಮಡಚ್ಯದೇನು ನೋಡ್ಬೇಕು, ಇಳೀಲಿಲ್ಲಂದ್ರ ತಡ ಮಾಡದ ದವಾಖಾನಿಗೆ ಒಯ್ಯಬೇಕು. ಇದನ್ನ ಫೋನಿನ ಆ ಕಡೆ ಕುಂತವ್ರು ಮಾಡ್ಲಾಕ ಬರಂಗಿಲ್ಲ.

ಸಾಮಾನಿಗೆ ರೊಕ್ಕ ಬ್ಯಾಡ. ಹಳೇ ಸೈಕಲ್ ಟ್ಯೂಬು ಕಿಡಕಿ ಸಳಿಗೆ ಕಟ್ಟಿ ಜಗ್ಗಿದ್ರ ಆತು, ಕೈಯಾಗ ಒಂದು ಲೀಟರ್ ನೀರಿನ ಬಾಟ್ಲಿ. ಕಾಲು ಮಾತ್ರ ಯಾರೂ ಜಬರ್ದಸ್ತಿ ಮಾಡಿ ಎಳೀಬ್ಯಾಡ್ರಿ, ಎಲುಬು ಸೊರಗಿರ್ತಾವ, ಮುರಿದ್ರೂ ಅವ್ರಿಗೆ ಗೊತ್ತಾಗಂಗಿಲ್ಲ.